ಬ್ಯಾಟರಿ ಇಲ್ಲದ ಉಪಗ್ರಹವನ್ನು ಎಂತಕ್ಕೆ ಟ್ರ್ಯಾಕ್ ಮಾಡುವುದು?

ನಾನು ಕೊಟ್ಟ ಒಂದು ತಪ್ಪು ಉತ್ತರವನ್ನು ತಿದ್ದುವುದಕ್ಕಾಗಿ ಈ ಪಾಠ.

ಕಳೆದ ತಿಂಗಳು ವಿಜ್ಞಾನ ಸಂಘದ ವಿದ್ಯಾರ್ಥಿಗಳ ಜೊತೆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವನ್ನು ನೋಡಲು ಕಾಲೇಜಿನ ತಾರಸಿ ಹತ್ತಿದ್ದೆ. ಮಗ್ರಿಬ್ ನಮಾಜು ಮುಗಿದು ಸ್ವಲ್ಪ ಹೊತ್ತಾಗಿತ್ತು, ಕಡಲಿನ ಕಡೆ ಇನ್ನೂ ಬೆಳಕಿತ್ತು. ನಿಲ್ದಾಣ ಹೇಳಿದ ಹೊತ್ತಿಗೆ ಸರಿಯಾಗಿ ಬಂತು, ಐದು ನಿಮಿಷದಲ್ಲಿ ದಾಟಿ ಹೋಯಿತು. ಎಲ್ಲರೂ ಕೆಳಗಿಳಿಯುವಾಗ ದ್ವಿತೀಯ ಪಿಯುಸಿಯ ಒಬ್ಬ ವಿದ್ಯಾರ್ಥಿನಿ ಮೊಬೈಲಿನ ಆ್ಯಪ್ ತೋರಿಸಿ ಕೇಳಿದಳು: “ಸರ್, ಇಲ್ಲಿ 1976ರದ್ದು ಒಂದು ಉಂಟು, ಲೇಜಿಯೋಸ್ ಅಂತ. ಈಗ ನಮ್ಮ ಮೇಲೆಯೇ ಉಂಟು. ಅದರಲ್ಲಿ ಕ್ಯಾಮೆರಾ ಇಲ್ಲವಂತೆ, ಬ್ಯಾಟರಿ ಸಹ ಇಲ್ಲವಂತೆ. ಮತ್ತೆ ಎಂತಕ್ಕೆ ಟ್ರ್ಯಾಕ್ ಮಾಡುವುದು?”

ನಾನು ಚಪ್ಪಲಿ ಹಾಕಿಕೊಳ್ಳುತ್ತಾ ಹೇಳಿದೆ: “ಹಳೆಯ ಉಪಗ್ರಹ ಅಲ್ವಾ, ಸತ್ತು ಹೋಗಿರುತ್ತದೆ. ಬೇರೆಯವುಗಳಿಗೆ ಡಿಕ್ಕಿ ಹೊಡೆಯದಿರಲಿ ಎಂದು ಲೆಕ್ಕ ಇಡುತ್ತಾರೆ, ಅಷ್ಟೆ.”

ಅವಳು “ಸರಿ ಸರ್” ಎಂದು ಇಳಿದು ಹೋದಳು. ಮೇಷ್ಟ್ರು ಹೇಳಿದರೆ ಮಕ್ಕಳು ನಂಬುತ್ತಾರೆ. ರಾತ್ರಿ ಊಟ ಮಾಡಿ ಸುಮ್ಮನೆ ಹುಡುಕಿ ನೋಡಿದೆ. ಲೇಜಿಯೋಸ್ ಸತ್ತಿಲ್ಲ. ಕೆಟ್ಟು ಹೋಗಲು ಅದರೊಳಗೆ ಏನೂ ಇಲ್ಲ. 1976ರ ಮೇ 4ರಂದು ಕ್ಯಾಲಿಫೋರ್ನಿಯಾದ ವ್ಯಾಂಡನ್‌ಬರ್ಗ್‌ನಿಂದ ನಾಸಾ ಹಾರಿಸಿದ ಈ ಉಪಗ್ರಹ ಅಂದು ಮಾಡುತ್ತಿದ್ದ ಕೆಲಸವನ್ನೇ ಇಂದೂ ಮಾಡುತ್ತಿದೆ. ಮರುದಿನ ತರಗತಿಯಲ್ಲಿ ನನ್ನ ಮಾತು ವಾಪಸ್ ತೆಗೆದುಕೊಂಡೆ. ಆದರೆ ನಲವತ್ತೈದು ನಿಮಿಷದ ಪೀರಿಯಡ್‌ನಲ್ಲಿ ಹೇಳಿ ಮುಗಿಯುವ ವಿಷಯ ಅದಾಗಿರಲಿಲ್ಲ.

ಮೊದಲು ವಸ್ತುವನ್ನು ಪರಿಚಯ ಮಾಡಿಕೊಳ್ಳೋಣ. 60 ಸೆಂಟಿಮೀಟರ್ ವ್ಯಾಸದ ಒಂದು ಗುಂಡು. ಒಳಗೆ ಹಿತ್ತಾಳೆ, ಹೊರಗೆ ಅಲ್ಯೂಮಿನಿಯಂ. ತೂಕ ಸುಮಾರು 407 ಕಿಲೋಗ್ರಾಂ. ಮೈಯೆಲ್ಲಾ ಗುಳಿಗಳು, ಪ್ರತಿ ಗುಳಿಯಲ್ಲೂ ಒಂದು ಪ್ರತಿಫಲಕ, ಒಟ್ಟು 426. ಅವುಗಳಲ್ಲಿ 422 ಗಾಜಿನವು, ಎಂದರೆ ಫ್ಯೂಸ್ಡ್ ಸಿಲಿಕಾದವು. ಉಳಿದ 4 ಜರ್ಮೇನಿಯಂನವು. ರೇಡಿಯೋ ಇಲ್ಲ, ಸೌರಫಲಕ ಇಲ್ಲ, ಎಂಜಿನ್ ಇಲ್ಲ. ಹೆಸರು ಲೇಸರ್ ಜಿಯೋಡೈನಮಿಕ್ಸ್ ಸ್ಯಾಟಲೈಟ್ ಎಂಬುದರ ಹ್ರಸ್ವರೂಪ. ಉಪಗ್ರಹಗಳ ಪಟ್ಟಿಯಲ್ಲಿ ಇದರ ಸಂಖ್ಯೆ 8820. ನೆಲದಿಂದ ಸುಮಾರು 5,900 ಕಿ.ಮೀ. ಎತ್ತರದಲ್ಲಿ, ಬಹುತೇಕ ವೃತ್ತಾಕಾರದ ಕಕ್ಷೆಯಲ್ಲಿ ಸುತ್ತುತ್ತದೆ. 2,000 ಕಿ.ಮೀ.ಗಿಂತ ಮೇಲೆ, ಭೂಸ್ಥಿರ ಕಕ್ಷೆಗಿಂತ ಕೆಳಗೆ ಇರುವ ಈ ಪ್ರದೇಶಕ್ಕೆ ಮಧ್ಯಮ ಭೂಕಕ್ಷೆ ಎನ್ನುತ್ತಾರೆ. ಬರಿಗಣ್ಣಿಗೆ ಇದು ಕಾಣುವುದಿಲ್ಲ. ಆ ಸಂಜೆ ನಮ್ಮ ಮೇಲೆ ಅದು ಇದ್ದದ್ದು ಗೊತ್ತಾದದ್ದು ಲೆಕ್ಕದಿಂದ ಮಾತ್ರ.

ಆ ಲೆಕ್ಕವನ್ನೇ ತರಗತಿಗೆ ಕೊಟ್ಟೆ: 5,900 ಕಿ.ಮೀ. ಎತ್ತರದಲ್ಲಿರುವ ಉಪಗ್ರಹ ಒಂದು ಸುತ್ತು ಹಾಕಲು ಎಷ್ಟು ಹೊತ್ತು ಬೇಕು?

ಅರ್ಧ ತರಗತಿಯ ಉತ್ತರ 75 ನಿಮಿಷ. ಸೂತ್ರ ಸರಿ, ಗುಣಾಕಾರ ಸರಿ, ವರ್ಗಮೂಲವೂ ಸರಿ. ನಾನು ಏನೂ ಹೇಳದೆ ಬೋರ್ಡಿನಲ್ಲಿ ಬರೆದೆ. ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದು ಕೇಳಿದ: “ಸರ್, ಸ್ಪೇಸ್ ಸ್ಟೇಷನ್‌ಗೆ 93 ನಿಮಿಷ ಅಂತ ಮೊನ್ನೆ ನೀವೇ ಹೇಳಿದ್ದು. ಅದು 420 ಕಿಲೋಮೀಟರಲ್ಲಿ ಇರುವುದು. ಇದು ಅದಕ್ಕಿಂತ ಎಷ್ಟೋ ಮೇಲೆ. ಇದಕ್ಕೆ ಹೇಗೆ ಕಡಿಮೆ ಆಗುವುದು?”

ಆ ಪ್ರಶ್ನೆಗೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಉತ್ತರ ಬಂದ ಮೇಲೆ ಅದು ನಂಬುವಂತಿದೆಯೇ ಎಂದು ನೋಡುವ ಅಭ್ಯಾಸ ನಮ್ಮಲ್ಲಿ ಕಡಿಮೆ; ಕೀ ಆನ್ಸರ್ ಜೊತೆ ಹೋಲಿಸುವ ಅಭ್ಯಾಸ ಜಾಸ್ತಿ. ಭೂಮಿಯಲ್ಲಿ ಗಾಳಿ, ಗುಡ್ಡ ಏನೂ ಇಲ್ಲದೆ, ನೆಲಕ್ಕೆ ತಾಗಿಕೊಂಡೇ ಒಂದು ವಸ್ತು ಸುತ್ತುತ್ತದೆ ಎಂದುಕೊಳ್ಳಿ. ಆಗಲೂ ಒಂದು ಸುತ್ತಿಗೆ ಸುಮಾರು 84 ನಿಮಿಷ ಬೇಕು. ಅದಕ್ಕಿಂತ ಕಡಿಮೆ ಅವಧಿಯಲ್ಲಿ ಯಾವ ಉಪಗ್ರಹವೂ ತಾನಾಗಿ ಭೂಮಿಯನ್ನು ಸುತ್ತಲಾರದು. 75 ಎಂದು ಬಂದರೆ ಉಪಗ್ರಹ ನೆಲದೊಳಗೆ ಇದೆ ಎಂದು ಅರ್ಥ!

ಎಡವಿದ್ದು ಎಲ್ಲಿ? ಕೆಪ್ಲರನ ಮೂರನೆಯ ನಿಯಮದಲ್ಲಿರುವ ದೂರ ನೆಲದಿಂದ ಅಳೆದದ್ದಲ್ಲ, ಭೂಮಿಯ ಕೇಂದ್ರದಿಂದ ಅಳೆದದ್ದು. 5,900ಕ್ಕೆ ಭೂಮಿಯ ತ್ರಿಜ್ಯ 6,371 ಸೇರಿಸಿದರೆ 12,271 ಕಿ.ಮೀ. ಹಾಗೆಯೇ ಬಾಹ್ಯಾಕಾಶ ನಿಲ್ದಾಣದ ದೂರ 6,791 ಕಿ.ಮೀ. ಈಗ ಜಿ ಬೇಡ, ಎಂ ಬೇಡ. ಎರಡರ ಅನುಪಾತ ಸುಮಾರು 1.81. ಅದರ ಘನ ಮಾಡಿ ವರ್ಗಮೂಲ ತೆಗೆದರೆ 2.43. ಅದನ್ನು 93ರಿಂದ ಗುಣಿಸಿದರೆ 226 ನಿಮಿಷ. ನಿಜವಾದ ಅವಧಿ ಸುಮಾರು 225 ನಿಮಿಷ, ಎಂದರೆ ಮೂರೂಮುಕ್ಕಾಲು ಗಂಟೆ. ವೇಗ ಸೆಕೆಂಡಿಗೆ 5.7 ಕಿ.ಮೀ. ದಿನಕ್ಕೆ ಆರು ಸುತ್ತಿಗಿಂತ ಸ್ವಲ್ಪ ಹೆಚ್ಚು.

ಇನ್ನೊಂದು ಸಣ್ಣ ಲೆಕ್ಕವೂ ಇದೆ. ಭೂಕೇಂದ್ರ, ಉಪಗ್ರಹ ಮತ್ತು ಅದಕ್ಕೆ ಕಾಣುವ ದಿಗಂತದ ಒಂದು ಬಿಂದು ಸೇರಿಸಿದರೆ ಲಂಬಕೋನ ತ್ರಿಭುಜ ಆಗುತ್ತದೆ. ಕೇಂದ್ರದಲ್ಲಿರುವ ಕೋನದ ಕೊಸೈನ್ 6,371 ಭಾಗಿಸು 12,271. ಕೋನ ಸುಮಾರು 59 ಡಿಗ್ರಿ. ಎಂದರೆ ಲೇಜಿಯೋಸ್ ನಮ್ಮ ತಾರಸಿಯ ನೇರ ಮೇಲಿದ್ದಾಗ 6,500 ಕಿ.ಮೀ. ದೂರದವರೆಗಿನ ಊರುಗಳಿಗೂ ಅದು ದಿಗಂತದ ಮೇಲಿರುತ್ತದೆ. ನಿಮ್ಮಲ್ಲಿ ಹಲವರ ಮನೆಯವರು ದುಡಿಯುವ ರಿಯಾದ್, ದಮ್ಮಾಮ್, ದುಬೈ ಎಲ್ಲವೂ ಸೇರಿ. ಭೂಮಿಯ ಹೆಚ್ಚುಕಮ್ಮಿ ಕಾಲು ಭಾಗ ಅದರ ಕಣ್ಣಳತೆಯಲ್ಲಿ. ಸಾವಿರ ವರ್ಷಗಳ ಹಿಂದೆ ಅಲ್-ಬಿರೂನಿ ಪಂಜಾಬಿನ ನಂದನ ಕೋಟೆಯ ಬಳಿ ಒಂದು ಬೆಟ್ಟದ ಎತ್ತರವನ್ನೂ ತುದಿಯಿಂದ ದಿಗಂತ ಎಷ್ಟು ತಗ್ಗಿ ಕಾಣುತ್ತದೆ ಎಂಬ ಕೋನವನ್ನೂ ಅಳೆದು ಭೂಮಿಯ ತ್ರಿಜ್ಯ ಲೆಕ್ಕ ಹಾಕಿದ್ದು ಇದೇ ತ್ರಿಭುಜದಿಂದ. ಅವರಿಗೆ ಎತ್ತರ ಗೊತ್ತಿತ್ತು, ತ್ರಿಜ್ಯ ಬೇಕಿತ್ತು. ನಮಗೆ ಎರಡೂ ಗೊತ್ತು, ಕೋನ ಬೇಕು.

ಈಗ ಅಳತೆಗೆ ಬರೋಣ. ಸದ್ದಿಲ್ಲದ, ಬೆಳಕಿಲ್ಲದ ಗುಂಡಿನ ದೂರವನ್ನು ಅಳೆಯುವುದು ಹೇಗೆ?

ನಿಮ್ಮ ಸೈಕಲ್ಲಿನ ಹಿಂದಿರುವ ಕೆಂಪು ರಿಫ್ಲೆಕ್ಟರನ್ನು ಹತ್ತಿರದಿಂದ ನೋಡಿ. ಒಳಗೆ ಸಣ್ಣ ಸಣ್ಣ ಮೂಲೆಗಳಿವೆ, ಕೋಣೆಯ ಎರಡು ಗೋಡೆ ಮತ್ತು ನೆಲ ಸೇರುವ ಮೂಲೆಯ ಹಾಗೆ. ಪರಸ್ಪರ ಲಂಬವಾದ ಮೂರು ಕನ್ನಡಿಗಳು. ಬೆಳಕಿನ ದಿಕ್ಕನ್ನು ಮೂರು ಘಟಕಗಳ ವೆಕ್ಟರ್ ಎಂದುಕೊಳ್ಳಿ. ಒಂದೊಂದು ಕನ್ನಡಿಯೂ ಒಂದೊಂದು ಘಟಕದ ಚಿಹ್ನೆಯನ್ನು ಬದಲಿಸುತ್ತದೆ. ಮೂರೂ ಬದಲಾದಾಗ ವೆಕ್ಟರ್ ಪೂರ್ತಿ ತಿರುಗಿ, ಬೆಳಕು ಬಂದ ದಾರಿಯಲ್ಲೇ ಹಿಂದೆ ಹೋಗುತ್ತದೆ. ಸಾಮಾನ್ಯ ಕನ್ನಡಿಯಾದರೆ ಕೋನ ಸ್ವಲ್ಪ ತಪ್ಪಿದರೂ ಬೆಳಕು ಬೇರೆಲ್ಲೋ ಹೋಗುತ್ತಿತ್ತು. ಇಲ್ಲಿ ಗುಂಡು ಹೇಗೆ ತಿರುಗಿದರೂ ಚಿಂತೆಯಿಲ್ಲ. ಚಂದ್ರಯಾನ-3ರ ವಿಕ್ರಮ್ ಲ್ಯಾಂಡರಿನ ಮೇಲೂ ಇಂತಹ ಎಂಟು ಪ್ರತಿಫಲಕಗಳಿರುವ ನಾಸಾದ ಪುಟ್ಟ ಸಾಧನ ಇದೆ. 2023ರ ಡಿಸೆಂಬರಿನಲ್ಲಿ, ಲ್ಯಾಂಡರ್ ನಿದ್ರೆಗೆ ಹೋಗಿ ತಿಂಗಳುಗಳಾದ ಮೇಲೆ, ಚಂದ್ರನನ್ನು ಸುತ್ತುವ ನಾಸಾ ನೌಕೆಯೊಂದು ಅದಕ್ಕೆ ಲೇಸರ್ ಹಾಯಿಸಿ ಮರಳಿ ಬಂದ ಬೆಳಕನ್ನು ಹಿಡಿಯಿತು. ನಮ್ಮ ನಾವಿಕ್ ಉಪಗ್ರಹಗಳಲ್ಲೂ ಇಂತಹ ಪ್ರತಿಫಲಕಗಳನ್ನು ಜೋಡಿಸಿದ್ದಾರೆ.

ನೆಲದ ಕೇಂದ್ರದಲ್ಲಿ ಒಂದು ದೂರದರ್ಶಕ, ಒಂದು ಲೇಸರ್, ಒಂದು ಅತಿ ನಿಖರ ಗಡಿಯಾರ. ಸಾಮಾನ್ಯವಾಗಿ ಹಸಿರು ಬಣ್ಣದ ಲೇಸರ್ ಮಿಡಿತವನ್ನು ಮೇಲೆ ಕಳಿಸಿ, ಅದು ಹೋಗಿ ಬಂದ ಸಮಯವನ್ನು ಅಳೆಯುತ್ತಾರೆ. ಅದನ್ನು ಬೆಳಕಿನ ವೇಗದಿಂದ ಗುಣಿಸಿ ಎರಡರಿಂದ ಭಾಗಿಸಿದರೆ ದೂರ. ಪ್ರೌಢಶಾಲೆಯ ಪ್ರತಿಧ್ವನಿ ಲೆಕ್ಕವೇ. ನೇರ ಮೇಲಿದ್ದರೆ ಹೋಗಿ ಬರಲು ಸುಮಾರು 0.039 ಸೆಕೆಂಡ್. ದೂರ ಒಂದು ಮಿಲಿಮೀಟರ್ ಬದಲಾದರೆ ಸಮಯ ಬದಲಾಗುವುದು ಸುಮಾರು 6.7 ಪಿಕೋಸೆಕೆಂಡ್, ಎಂದರೆ ಒಂದು ಸೆಕೆಂಡಿನ ಲಕ್ಷ ಕೋಟಿ ಪಾಲುಗಳಲ್ಲಿ ಆರೇಳು ಪಾಲು ಮಾತ್ರ.

ಹೇಳುವುದು ಸುಲಭ. ಮಿಡಿತ ನೆಲದಿಂದ ಹೊರಟು ಮೇಲೆ ತಲುಪುವಷ್ಟರಲ್ಲಿ ಗುಂಡು ನೂರು ಮೀಟರಿಗಿಂತ ಹೆಚ್ಚು ಮುಂದೆ ಹೋಗಿರುತ್ತದೆ. ಆದ್ದರಿಂದ ಗುರಿ ಇಡಬೇಕಾದ್ದು ಈಗಿರುವ ಜಾಗಕ್ಕಲ್ಲ, ತಲುಪಲಿರುವ ಜಾಗಕ್ಕೆ. ಓಡುವ ಗೆಳೆಯನಿಗೆ ಚೆಂಡು ಪಾಸ್ ಮಾಡುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೇಲೇರುತ್ತಾ ಲೇಸರ್ ಹರಡಿಕೊಳ್ಳುತ್ತದೆ, ಮರಳುತ್ತಾ ಮತ್ತೊಮ್ಮೆ ಹರಡುತ್ತದೆ. ಹೋಗುವಾಗ ದೂರದ ವರ್ಗಕ್ಕೆ, ಬರುವಾಗ ಮತ್ತೆ ವರ್ಗಕ್ಕೆ ತಕ್ಕಂತೆ ಕ್ಷೀಣಿಸುವುದರಿಂದ, ದೂರ ಎರಡರಷ್ಟಾದರೆ ಬೆಳಕು ಹದಿನಾರನೇ ಒಂದು ಪಾಲಾಗುತ್ತದೆ. ಕೊನೆಗೆ ದೂರದರ್ಶಕಕ್ಕೆ ದಕ್ಕುವುದು ಬೆರಳೆಣಿಕೆಯ ಫೋಟಾನ್‌ಗಳು, ಕೆಲವೊಮ್ಮೆ ಒಂದೇ ಒಂದು. ಗಾಳಿಯಲ್ಲಿ ಬೆಳಕು ತುಸು ನಿಧಾನ; ನೇರ ಮೇಲೆ ನೋಡಿದಾಗಲೇ ಇದರಿಂದ ದೂರ ಎರಡು ಮೀಟರಿಗಿಂತ ಹೆಚ್ಚು ತಪ್ಪಾಗಿ ಬರುತ್ತದೆ. ಹಾಗಾಗಿ ಕೇಂದ್ರದ ಪಕ್ಕದಲ್ಲೇ ಒತ್ತಡಮಾಪಕ, ಉಷ್ಣತಾಮಾಪಕ ಇಟ್ಟು ತಿದ್ದುಪಡಿ ಮಾಡಬೇಕು. ಬೆಳಕು ತಾಗಿ ಮರಳುವುದು ಗುಂಡಿನ ಮೈಯಿಂದ, ನಮಗೆ ಬೇಕಾದ್ದು ಗುಂಡಿನ ಕೇಂದ್ರದ ದೂರ. ಅದಕ್ಕೆ ಸುಮಾರು 25 ಸೆಂಟಿಮೀಟರ್ ಸೇರಿಸಬೇಕು. ಇಷ್ಟೆಲ್ಲ ಮಾಡಿದ ಮೇಲೆ ಇಂದಿನ ಒಳ್ಳೆಯ ಕೇಂದ್ರಗಳು ಕೆಲವು ಮಿಲಿಮೀಟರ್ ನಿಖರತೆಗೆ ಬರುತ್ತವೆ. ಆಸ್ಟ್ರೇಲಿಯಾದ ಯಾರಗಡೀ, ಇಂಗ್ಲೆಂಡಿನ ಹರ್ಸ್ಟ್‌ಮಾನ್ಸೋ, ಆಸ್ಟ್ರಿಯಾದ ಗ್ರಾಟ್ಸ್, ಇಟಲಿಯ ಮತೇರಾ ಹೆಸರಾದ ಕೇಂದ್ರಗಳು. ರಿಯಾದ್‌ನಲ್ಲಿ ಮತ್ತು ಈಜಿಪ್ಟಿನ ಹೆಲ್ವಾನ್‌ನಲ್ಲಿಯೂ ಇಂತಹ ಕೇಂದ್ರಗಳು ಕೆಲಸ ಮಾಡಿವೆ.

(ಒಂದು ಮಾತು. ಉರೂಸ್, ಜಾತ್ರೆಗಳಲ್ಲಿ ಸಿಗುವ ಹಸಿರು ಲೇಸರ್ ಪಾಯಿಂಟರನ್ನು ಆಕಾಶಕ್ಕೆ ಹಿಡಿದು ನೋಡಬೇಡಿ. ಪೈಲಟ್‌ನ ಕಣ್ಣು ಕುಕ್ಕುತ್ತದೆ. ಈ ಕೇಂದ್ರಗಳಲ್ಲೂ ವಿಮಾನ ಹತ್ತಿರ ಬಂದರೆ ಲೇಸರ್ ನಿಲ್ಲಿಸುವ ಏರ್ಪಾಡು ಇರುತ್ತದೆ.)

ಇನ್ನು ಅವಳ ಪ್ರಶ್ನೆಗೆ ಉತ್ತರ. ಟ್ರ್ಯಾಕ್ ಮಾಡುವುದೆಂದರೆ ಉಪಗ್ರಹ ಎಲ್ಲಿದೆ ಎಂದು ನೋಡುವುದು ಮಾತ್ರ ಎಂದು ನಾನು ತಿಳಿದಿದ್ದೆ. ಹಾಗಲ್ಲ. ಮೊದಲು ನಮಗೆ ಗೊತ್ತಿರುವ ಎಲ್ಲ ಬಲಗಳನ್ನೂ ಸೇರಿಸಿ ಅದು ಎಲ್ಲಿರಬೇಕು ಎಂದು ಲೆಕ್ಕ ಹಾಕುತ್ತಾರೆ. ಆಮೇಲೆ ಲೇಸರಿನಿಂದ ಅಳೆಯುತ್ತಾರೆ. ಅಳತೆಯಿಂದ ಲೆಕ್ಕವನ್ನು ಕಳೆದರೆ ಉಳಿಯುವ ವ್ಯತ್ಯಾಸವೇ ಬೇಕಾದ ಸರಕು. ಆ ವ್ಯತ್ಯಾಸ ಸೊನ್ನೆಯಾಗದೆ ಹಟ ಹಿಡಿದರೆ, ನಮಗೆ ಗೊತ್ತಿಲ್ಲದ ಏನೋ ನಡೆಯುತ್ತಿದೆ.

ಇದಕ್ಕಾಗಿಯೇ ಗುಂಡನ್ನು ಅಷ್ಟು ಭಾರವಾಗಿ, ಅಷ್ಟು ಚಿಕ್ಕದಾಗಿ ಮಾಡಿದ್ದು. ಕ್ರೀಡಾಕೂಟದ ಗುಂಡೆಸೆತದ ಗುಂಡನ್ನು ಗಾಳಿ ಅಲುಗಿಸದು, ಬಲೂನನ್ನು ಹೊತ್ತೊಯ್ಯುತ್ತದೆ. ಕೆಳಗಿನ ಕಕ್ಷೆಯಲ್ಲಿಟ್ಟರೆ ತೆಳು ಗಾಳಿ ಎಳೆಯುತ್ತದೆ, ಭೂಮಿಯ ಗುರುತ್ವದ ಏರುತಗ್ಗುಗಳು ಕುಲುಕುತ್ತವೆ. ಬಹಳ ಮೇಲಿಟ್ಟರೆ ಬೆಳಕು ಮರಳಿ ಬರದು. 5,900 ಕಿ.ಮೀ. ಒಂದು ರಾಜಿ. ಒಳಗೆ ಯಂತ್ರ ಇಲ್ಲದಿರುವುದೂ ಇದೇ ಕಾರಣಕ್ಕೆ ಒಳ್ಳೆಯದು: ಎಂಜಿನ್ ಉರಿದು ಕಕ್ಷೆ ಬದಲಾಗುವ ಭಯವಿಲ್ಲ, ಬ್ಯಾಟರಿ ಸಾಯುವ ಭಯವಿಲ್ಲ. 1992ರ ಅಕ್ಟೋಬರ್ 22ರಂದು ಹೊರಟ ಕೊಲಂಬಿಯಾ ನೌಕೆಯಲ್ಲಿ ಇಟಲಿಯ ಬಾಹ್ಯಾಕಾಶ ಸಂಸ್ಥೆಯ ಲೇಜಿಯೋಸ್-2 ಹೋಯಿತು. ಅದೂ ಇಂತಹದ್ದೇ ಗುಂಡು.

ವ್ಯತ್ಯಾಸಗಳು ಏನು ಹೇಳಿದವು? ಮೊದಲನೆಯದು, ಅಳೆಯುವವನೇ ಚಲಿಸುತ್ತಿದ್ದಾನೆ. ಬೇರೆ ಬೇರೆ ಖಂಡಗಳಲ್ಲಿರುವ ಕೇಂದ್ರಗಳ ನಡುವಿನ ದೂರ ವರ್ಷಕ್ಕೆ ಕೆಲವು ಸೆಂಟಿಮೀಟರಿನಂತೆ ಬದಲಾಗುತ್ತಿರುವುದು ಕಂಡಿತು. ಭೂಫಲಕಗಳ ಚಲನೆಯನ್ನು ಅದುವರೆಗೆ ಬಂಡೆಗಳ ಕಾಂತತೆಯಿಂದ, ಲಕ್ಷಾಂತರ ವರ್ಷಗಳ ಸರಾಸರಿಯಾಗಿ ತಿಳಿದಿದ್ದರು. ಈಗ ಅದು ನಮ್ಮ ಜೀವಿತಕಾಲದಲ್ಲೇ ನಡೆಯುವುದು ಅಳತೆಗೆ ಸಿಕ್ಕಿತು. ಯಾರಗಡೀ ಇರುವ ಆಸ್ಟ್ರೇಲಿಯಾ ವರ್ಷಕ್ಕೆ ಸುಮಾರು 7 ಸೆಂಟಿಮೀಟರ್ ಸರಿಯುತ್ತಿದೆ. ನಾವು ಕೂತಿರುವ ಭಾರತದ ಫಲಕ ಸುಮಾರು 5 ಸೆಂಟಿಮೀಟರಿನಂತೆ ಈಶಾನ್ಯಕ್ಕೆ ಹೋಗುತ್ತಿದೆ.

ಎರಡನೆಯದು ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಭೂಮಿ ನಡುವಿನಲ್ಲಿ ಉಬ್ಬಿದೆ. ಆ ಉಬ್ಬಿನ ಸೆಳೆತದಿಂದ ಲೇಜಿಯೋಸ್‌ನ ಕಕ್ಷೆಯ ಸಮತಲ ದಿನಕ್ಕೆ ಡಿಗ್ರಿಯ ಮೂರನೇ ಒಂದು ಭಾಗದಷ್ಟು ತಿರುಗುತ್ತದೆ. ಇದು ಲೆಕ್ಕದಲ್ಲಿತ್ತು. ಆದರೆ ತಿರುಗುವ ದರವೇ ಸಣ್ಣಗೆ ಬದಲಾಗುತ್ತಿರುವುದನ್ನು 1983ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಎಂದರೆ ಭೂಮಿಯ ಉಬ್ಬು ಆಗ ಕಡಿಮೆಯಾಗುತ್ತಿತ್ತು. ಕಾರಣ ಹಿಮಯುಗ! ಉತ್ತರ ಅಮೆರಿಕ, ಯುರೋಪುಗಳ ಮೇಲೆ ಕಿಲೋಮೀಟರ್‌ಗಟ್ಟಲೆ ದಪ್ಪದ ಮಂಜುಗಡ್ಡೆ ಕೂತು ನೆಲವನ್ನು ಒತ್ತಿತ್ತು. ಅದು ಕರಗಿ ಸಾವಿರಾರು ವರ್ಷಗಳಾದರೂ, ಎದ್ದು ಹೋದ ಮೇಲೆ ಹಾಸಿಗೆಯ ತಗ್ಗು ನಿಧಾನಕ್ಕೆ ತುಂಬುವ ಹಾಗೆ ನೆಲ ಇನ್ನೂ ಏಳುತ್ತಿದೆ.

ಮೂರನೆಯದಕ್ಕೆ ಉತ್ತರ ಹುಡುಕಲು ವರ್ಷಗಳೇ ಹಿಡಿದವು. ಗುಂಡು ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಕೆಳಗಿಳಿಯುತ್ತಿತ್ತು. ಅದನ್ನು ಹಿಂದಕ್ಕೆ ಎಳೆಯುತ್ತಿದ್ದ ಬಲ, ನೆಲದ ಮೇಲಿನ ಗುರುತ್ವಕ್ಕೆ ಹೋಲಿಸಿದರೆ ಸುಮಾರು ಮೂರು ಲಕ್ಷ ಕೋಟಿಯಲ್ಲಿ ಒಂದು ಪಾಲು. ಗಾಳಿಯ ಘರ್ಷಣೆಯೊಂದರಿಂದಲೇ ಅದು ಹೊಂದಿಕೆಯಾಗಲಿಲ್ಲ. ನಾಸಾದ ಡೇವಿಡ್ ರುಬಿನ್‌ಕಾಮ್ 1987ರಲ್ಲಿ ತೋರಿಸಿದ್ದು ಇದು: ಭೂಮಿಯಿಂದ ಬರುವ ಅವಕೆಂಪು ಶಾಖ ಗುಂಡಿನ ಒಂದು ಪಾರ್ಶ್ವವನ್ನು ಬಿಸಿಮಾಡುತ್ತದೆ. ಗಾಜಿನ ಪ್ರತಿಫಲಕಗಳು ತಡವಾಗಿ ಕಾಯುತ್ತವೆ, ತಡವಾಗಿ ಆರುತ್ತವೆ. ನಮ್ಮಲ್ಲಿ ಹನ್ನೆರಡು ಗಂಟೆಗಿಂತ ಎರಡು ಗಂಟೆಗೆ ಸೆಖೆ ಹೆಚ್ಚಿರುವ ಹಾಗೆ. ಆ ಶಾಖ ಹೊರಬೀಳುವ ಹೊತ್ತಿಗೆ ಗುಂಡು ಕಕ್ಷೆಯಲ್ಲಿ ಮುಂದೆ ಹೋಗಿರುತ್ತದೆ, ಬಿಸಿಯಾದ ಪಾರ್ಶ್ವ ಬೇರೆ ದಿಕ್ಕಿಗೆ ಮುಖ ಮಾಡಿರುತ್ತದೆ. ಹೊರಡುವ ಶಾಖಕ್ಕೂ ಸಂವೇಗ ಇದೆ. ಅದರ ಹಿಮ್ಮೆಟ್ಟುವ ಒದೆತ ಸರಾಸರಿಯಾಗಿ ಚಲನೆಗೆ ಎದುರಾಗಿ ಬೀಳುತ್ತದೆ. ಇಳಿತದ ದೊಡ್ಡ ಪಾಲಿಗೆ ಇದೇ ಕಾರಣ.

ತಿರುಗುವ ಭೂಮಿ ತನ್ನ ಸುತ್ತಲಿನ ದೇಶಕಾಲವನ್ನೂ ತುಸು ಎಳೆದೊಯ್ಯುತ್ತದೆ ಎಂದು ಐನ್‌ಸ್ಟೈನರ ಸಿದ್ಧಾಂತದಿಂದ 1918ರಲ್ಲೇ ಲೆನ್ಸ್ ಮತ್ತು ಥಿರಿಂಗ್ ಲೆಕ್ಕ ಹಾಕಿದ್ದರು. ಲೇಜಿಯೋಸ್‌ನ ಕಕ್ಷೆಯಲ್ಲಿ ಇದರ ಪರಿಣಾಮ ವರ್ಷಕ್ಕೆ ಎರಡು ಮೀಟರಿಗಿಂತ ಕಡಿಮೆ. ಎರಡೂ ಲೇಜಿಯೋಸ್‌ಗಳ ಅಳತೆಗಳನ್ನು ಸೇರಿಸಿ 2004ರಲ್ಲಿ ಚುಫೋಲಿನಿ ಮತ್ತು ಪಾವ್ಲಿಸ್ ಅದನ್ನು ಅಳೆದಿದ್ದಾಗಿ ಪ್ರಕಟಿಸಿದರು. ಇದರ ವಿವರ ನಮ್ಮ ಸಿಲೆಬಸ್ ಮೀರಿದ್ದು.

ಸಿಲೆಬಸ್‌ನೊಳಗೇ ಇರುವುದು ದ್ರವ್ಯರಾಶಿ ಕೇಂದ್ರ. ಉಪಗ್ರಹ ಸುತ್ತುವುದು ಭೂಮಿಯ ದ್ರವ್ಯರಾಶಿ ಕೇಂದ್ರವನ್ನು. ಹಾಗಾಗಿ ಕಕ್ಷೆಯನ್ನು ಸರಿಯಾಗಿ ಅಳೆದರೆ ಆ ಕೇಂದ್ರ ಎಲ್ಲಿದೆ ಎಂದು ಗೊತ್ತಾಗುತ್ತದೆ. ಮಳೆ, ಹಿಮ, ಕಡಲಿನ ನೀರು ಋತುವಿಗೆ ತಕ್ಕಂತೆ ಜಾಗ ಬದಲಿಸಿದಾಗ ಅದು ಕೆಲವು ಮಿಲಿಮೀಟರ್ ಸರಿಯುವುದೂ ಕಾಣುತ್ತದೆ. ಜಗತ್ತಿನ ಎಲ್ಲ ನಕ್ಷೆಗಳಿಗೆ ಆಧಾರವಾದ ಅಂತರರಾಷ್ಟ್ರೀಯ ನಿರ್ದೇಶಾಂಕ ವ್ಯವಸ್ಥೆಯ ಮೂಲಬಿಂದುವನ್ನು ನಿಗದಿ ಮಾಡುವುದು ಮುಖ್ಯವಾಗಿ ಲೇಜಿಯೋಸ್‌ಗಳ ಲೇಸರ್ ಅಳತೆಯಿಂದ. ಸಮುದ್ರಮಟ್ಟ ವರ್ಷಕ್ಕೆ ಮೂರು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು ಏರುತ್ತಿದೆ ಎಂದು ಪತ್ರಿಕೆಯಲ್ಲಿ ಓದುತ್ತೀರಿ. ಏರಿದ್ದು ಎಲ್ಲಿಂದ ಅಳೆದು? ಆ ಮೂಲಬಿಂದುವೇ ಮಿಲಿಮೀಟರ್‌ನಷ್ಟು ತಪ್ಪಾದರೆ ಸಮುದ್ರದ ಲೆಕ್ಕವೂ ತಪ್ಪುತ್ತದೆ. ಕಡಲ ದಂಡೆಯಲ್ಲಿ ಮನೆ ಇರುವ ನಿಮಗೆ ಇದು ದೂರದ ವಿಷಯವಲ್ಲ. ಬ್ಯಾಟರಿ ಇಲ್ಲದ ಗುಂಡನ್ನು ಕಸ ಎಂದುಬಿಟ್ಟಿದ್ದೆನಲ್ಲ ಎಂದು ನನಗೆ ನಾಚಿಕೆಯಾದದ್ದು ಈ ಜಾಗದಲ್ಲಿ.

ಇದು ಭೂಮಿಗೆ ಬೀಳಲು ಸುಮಾರು 84 ಲಕ್ಷ ವರ್ಷ ಬೇಕು ಎಂದು ಅಂದಾಜು ಮಾಡಿದ್ದರು. ಅದಕ್ಕಾಗಿ ಖಗೋಳವಿಜ್ಞಾನಿ ಕಾರ್ಲ್ ಸೇಗನ್ ಒಂದು ಉಕ್ಕಿನ ಫಲಕ ರೂಪಿಸಿ ಒಳಗೆ ಇರಿಸುವಂತೆ ಮಾಡಿದರು. ಫಲಕದಲ್ಲಿ ಮೂರು ನಕ್ಷೆಗಳಿವೆ: 26.8 ಕೋಟಿ ವರ್ಷಗಳ ಹಿಂದೆ ಖಂಡಗಳೆಲ್ಲ ಕೂಡಿಕೊಂಡಿದ್ದಾಗ, ಉಪಗ್ರಹ ಹಾರಿದಾಗ, ಮತ್ತು ಅದು ಮರಳಿ ಬೀಳುವ ಹೊತ್ತಿಗೆ ಖಂಡಗಳು ಎಲ್ಲಿರಬಹುದು ಎಂಬ ಊಹೆ. ಯಾವ ಭಾಷೆಯೂ ಉಳಿಯುವ ಖಾತ್ರಿ ಇಲ್ಲವೆಂದು ಒಂದರಿಂದ ಹತ್ತರವರೆಗಿನ ಸಂಖ್ಯೆಗಳನ್ನು ಬೈನರಿಯಲ್ಲಿ ಕೆತ್ತಿದ್ದಾರೆ.

ಆಸಕ್ತಿ ಇರುವವರು ಉಪಗ್ರಹದ ಆ್ಯಪ್‌ನಲ್ಲಿ 8820 ಎಂದು ಹಾಕಿ, ಮೂರು ದಿನ ಅದು ನಮ್ಮ ದಿಗಂತದ ಮೇಲೆ ಬರುವ ಮತ್ತು ಇಳಿಯುವ ಹೊತ್ತನ್ನು ಬರೆದುಕೊಳ್ಳಿ. ಬಾಹ್ಯಾಕಾಶ ನಿಲ್ದಾಣ ಹೆಚ್ಚೆಂದರೆ ಹತ್ತು ಹನ್ನೊಂದು ನಿಮಿಷ ಇರುತ್ತದೆ. ಲೇಜಿಯೋಸ್ ಒಳ್ಳೆಯ ಹಾದಿಯಲ್ಲಿ ಬಂದರೆ ಒಂದು ಗಂಟೆಗೂ ಹೆಚ್ಚು ಹೊತ್ತು ಇರುತ್ತದೆ. ಯಾಕೆ ಎಂದು ಮೇಲಿನ 59 ಡಿಗ್ರಿಯಿಂದ ಲೆಕ್ಕ ಹಾಕಿ. ಜಿಪಿಎಸ್ ಉಪಗ್ರಹಗಳೂ ಮಧ್ಯಮ ಭೂಕಕ್ಷೆಯಲ್ಲೇ ಇವೆ, ಎತ್ತರ 20,200 ಕಿ.ಮೀ. ಅವುಗಳ ಸುತ್ತಿನ ಅವಧಿಯನ್ನೂ ಕಂಡುಹಿಡಿದು ಫಿಸಿಕ್ಸ್ ಲ್ಯಾಬಿನಲ್ಲಿ ನನಗೆ ಕೊಡಿ. 6,371 ಸೇರಿಸಲು ಮರೆಯಬೇಡಿ. ಪ್ರಶ್ನೆ ಕೇಳಿದ ವಿದ್ಯಾರ್ಥಿನಿ ತನ್ನ ಉತ್ತರವನ್ನು ಆಗಲೇ ಕೊಟ್ಟಿದ್ದಾಳೆ. ಹಾಳೆಯ ಕೆಳಗೆ ಇನ್ನೊಂದು ಪ್ರಶ್ನೆ ಬರೆದಿದ್ದಾಳೆ: “ಗುಂಡಿನ ಒಳಗಿರುವ ಫಲಕ ಸಿಗಬೇಕಾದರೆ ಅದು ಬೀಳುವಾಗ ಸುಟ್ಟು ಹೋಗಬಾರದಲ್ಲ ಸರ್?” ಈ ಸಲ ಹುಡುಕಿ ನೋಡದೆ ಉತ್ತರ ಕೊಟ್ಟಿಲ್ಲ.